ಸೊನ್ನೆ ಬರೆದ ದಿನ

1977ರ ಮಳೆಗಾಲ, ನನಗೆ ಹದಿನೇಳು ವಯಸ್ಸು. ನಮ್ಮೂರ ಮೇಲಿನ ಹುಲ್ಲುಗುಡ್ಡದಲ್ಲಿ ವ್ಯಾಟಲ್ ಸಸಿ ನೆಡೋ ಕೂಲಿಗೆ ಹೋಗಿದ್ದೆ. ನಾವು ಅದನ್ನ ಸೀಗೆ ಮರ ಅಂತೀವಿ. ತೊಗಟೆ ಚರ್ಮ ಹದ ಮಾಡೋಕೆ, ಕಟ್ಟಿಗೆ ಒಲೆಗೆ. ಬರೀ ಹುಲ್ಲಿರೋ ಜಾಗ ದಂಡ ಅಂತ ಆಗ ಎಲ್ಲರೂ ಅನ್ನುತ್ತಿದ್ದರು. ಕುಣಿಗೆ ಸಸಿ ಇಳಿಸುವಾಗ ದಣಿವಾಗದಿರಲಿ ಅಂತ ಪದ ಹೇಳಿದವನೂ ನಾನೇ.

ಈಗ ಆ ಗುಡ್ಡದ ಒಂದು ಪಾಲಿನಲ್ಲಿ ಮರ ಕಡಿದು, ಇಲ್ಲಿನದೇ ಹುಲ್ಲನ್ನು ಮತ್ತೆ ನೆಡುತ್ತಿದ್ದಾರೆ. ಕಡಿದರೆ ಮುಗಿಯುವುದಿಲ್ಲ. ಸೀಗೆ ಬೀಜ ಮಣ್ಣೊಳಗೆ ವರ್ಷಗಟ್ಟಲೆ ಜೀವ ಹಿಡಿದಿರುತ್ತೆ. ಮೊಳೆತದ್ದನ್ನು ವರ್ಷ ವರ್ಷ ಕೀಳಬೇಕು. ಗುಡ್ಡ ಸರಿಹೋಯಿತೋ ಇಲ್ಲವೋ ತಿಳಿಯೋಕೆ ಹಕ್ಕಿ ಎಣಿಸುತ್ತಾರೆ. ಒಬ್ಬ ತೋಡ ಹಿರಿಯರು, ಒಬ್ಬ ಫಾರೆಸ್ಟ್ ವಾಚರ್, ಇಬ್ಬರು ಕಾಲೇಜು ಹುಡುಗಿಯರು, ಐದನೆಯವನು ನಾನು. ಹುಲ್ಲಿನ ಗುರುತು ಹಿರಿಯರಿಗೆ, ದಾರಿ ವಾಚರಿಗೆ, ಹಕ್ಕಿ ಹೆಸರು ಹುಡುಗಿಯರಿಗೆ ಗೊತ್ತು. ಹಾಡುಗಾರ, ಕಿವಿ ಚೆನ್ನಾಗಿರುತ್ತೆ ಅಂತ ನನ್ನನ್ನು ಕರೆದರು.

ಮರ ಕಡಿದ ಜಾಗ, ಮರ ಇರೋ ಜಾಗ, ಎಂದೂ ಮರ ನೆಡದ ಹಳೇ ಹುಲ್ಲುಗಾವಲು, ಹೀಗೆ ಮೂರು ಕಡೆ ಎಣಿಕೆ. ಹೊತ್ತು ಹುಟ್ಟಿದ ಮೇಲೆ ಗುರುತಿನ ಕಲ್ಲಿನ ಹತ್ತಿರ ಹತ್ತು ನಿಮಿಷ ಮಾತಾಡದೆ ನಿಲ್ಲಬೇಕು. ಕಂಡದ್ದು, ಕೇಳಿದ್ದು ಬರೆಯಬೇಕು.

ಕಡಿದ ಜಾಗದಲ್ಲಿ ಮೊದಲ ದಿನವೇ ಪಿಕಳಾರಗಳು ಕಂಡವು. ನನಗೆ ಖುಷಿಯಾಯಿತು.

"ತಾತಾ, ಪಿಕಳಾರ ಟೀ ತೋಟದಲ್ಲೂ ಇರುತ್ತೆ. ಇಲ್ಲಿಗೆ ಬರಬೇಕಾದ್ದು ನೀಲಗಿರಿ ಪಿಪಿಟ್" ಅಂದಳು ಹುಡುಗಿ.

ಕಂದು ಮೈಯ, ಗೀರುಗೀರಿನ ಸಣ್ಣ ಹಕ್ಕಿ ಅದು. ಹುಲ್ಲಿನ ಬುಡದಲ್ಲಿ, ನೆಲದ ಮೇಲೆ ಗೂಡು ಕಟ್ಟುತ್ತೆ. ಪಶ್ಚಿಮ ಘಟ್ಟದ ದಕ್ಷಿಣದ ಎತ್ತರದ ಹುಲ್ಲುಗಾವಲು ಬಿಟ್ಟರೆ ಲೋಕದಲ್ಲಿ ಎಲ್ಲೂ ಇಲ್ಲ. ಮರ ತುಂಬಿದರೆ ಅದಕ್ಕೆ ಜಾಗವಿಲ್ಲ.

ಹಳೇ ಹುಲ್ಲುಗಾವಲಲ್ಲಿ ಅದನ್ನು ನೋಡಿದೆ. ಬಂಡೆ ಮೇಲೆ ಕೂತು ಕೊಕ್ಕು ತೆರೆಯುತ್ತಿತ್ತು. ಹುಡುಗಿಯರು ತಲೆದೂಗಿದರು. ನನಗೆ ಏನೂ ಕೇಳಲಿಲ್ಲ! ಆ ಎಳೆಯಂಥ ದನಿ ನನ್ನ ಕಿವಿಗೆ ಎಟಕುತ್ತಿಲ್ಲ. ನಲವತ್ತು ವರ್ಷ ಹಾಡಿದವನು, ಹೇಳೋಕೆ ನಾಚಿಕೆಯಾಯಿತು.

ಆಮೇಲೆ ಒಂದು ಬೆಳಿಗ್ಗೆ ಕಡಿದ ಜಾಗದಲ್ಲಿ ನಿಂತಾಗ "ಕೂಗಿತು, ಬರಿ ತಾಯಿ" ಅಂದುಬಿಟ್ಟೆ. ನಾನೇ ಸಸಿ ನೆಟ್ಟ ಗುಡ್ಡ, ಹಕ್ಕಿ ಬಂದರೆ ಸಾಕಿತ್ತು ನನಗೆ.

"ನಿಜವಾಗಿ ಕೇಳಿಸಿತಾ ತಾತಾ?"

ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ. ಕಿವಿಯ ಸಂಗತಿ ಎಲ್ಲರೆದುರು ಹೇಳಿದೆ. ಅವಳು ಬೈಯಲಿಲ್ಲ. "ಇಲ್ಲದ್ದನ್ನ ಇದೆ ಅಂತ ಬರೆದರೆ, ಗುಡ್ಡ ಸರಿಹೋಯ್ತು ಅಂತ ಸಸಿ ಕೀಳೋದನ್ನೇ ನಿಲ್ಲಿಸಿಬಿಡ್ತಾರೆ" ಅಂದು ಸೊನ್ನೆ ಬರೆದಳು.

ಈಗ ನಾನು ಗಡಿಯಾರ ಹಿಡಿಯುತ್ತೇನೆ, ಕಣ್ಣಿಗೆ ಕಂಡದ್ದು ಹೇಳುತ್ತೇನೆ. ಕೇಳೋ ಕೆಲಸ ಎಂಟನೇ ಕ್ಲಾಸಿನ ಮೊಮ್ಮಗಳದ್ದು. ಕಡಿದ ಜಾಗದಲ್ಲಿ ಈ ಸಲವೂ ಸೊನ್ನೆಯೇ. ಮೇಷ್ಟ್ರುಗಳೇ, ನಿಮ್ಮ ಶಾಲೆಯಲ್ಲಿ ಕಿವಿ ಚುರುಕಿರೋ, ಸುಮ್ಮನೆ ನಿಲ್ಲಬಲ್ಲ ಮಕ್ಕಳಿದ್ದರೆ ಕಳಿಸಿಕೊಡಿ. ಇನ್ನೂ ಬಹಳ ವರ್ಷ ಎಣಿಸೋದಿದೆ.