ಅಪ್ಪನ ಕಾಲು ಮತ್ತು ನನ್ನ ಸ್ಕ್ರಿಪ್ಟು

ಬ್ಲಾಗಿನ ಕಡೆ ತಲೆ ಹಾಕಿ ತುಂಬಾ ದಿನ ಆಗಿತ್ತು. ಇವತ್ತು ಬರೀತಿರೋದು ನಾನೇ ಮಾಡಿದ ಒಂದು ಎಡವಟ್ಟಿನ ಬಗ್ಗೆ. ಕಂಪ್ಯೂಟರ್ ವಿಷಯ ಅಂತ ಓಡಿಹೋಗಬೇಡಿ, ಮಧ್ಯದಲ್ಲಿ ಕಬ್ಬಿನ ಗದ್ದೆನೂ ಬರುತ್ತೆ :)

ಎರಡು ವರ್ಷದ ಹಿಂದೆ ನಾನಿದ್ದ ಆಫೀಸಿನಲ್ಲಿ ಒಂದು ಹಳೇ ಸರ್ವರ್ ಇತ್ತು. ದಿನಾ ರಾತ್ರಿ ಹನ್ನೊಂದೂವರೆಗೆ ನಮ್ಮಲ್ಲಿ ಯಾರಾದ್ರೂ ಒಬ್ಬರು ಟೆಲ್ನೆಟ್ ಮೂಲಕ ಅದರೊಳಗೆ ಹೋಗಬೇಕು. ಹೆಸರು ಕೇಳುತ್ತೆ, ಪಾಸ್‌ವರ್ಡ್ ಕೇಳುತ್ತೆ, ಆಮೇಲೆ ಮೆನು ತೋರಿಸುತ್ತೆ. 4 ಒತ್ತಬೇಕು. ‘ಮುಂದುವರಿಯಲೇ?’ ಅನ್ನುತ್ತೆ, ವೈ ಒತ್ತಬೇಕು. ಬೆಳಗಾಗೋ ಹೊತ್ತಿಗೆ ರಿಪೋರ್ಟ್ ರೆಡಿ. ಈ ಎರಡು ನಿಮಿಷದ ಕೆಲಸಕ್ಕೆ ಎಷ್ಟು ಸಿನಿಮಾ ಅರ್ಧಕ್ಕೆ ಬಿಟ್ಟು ಎದ್ದು ಬಂದಿದೀನೋ... ಹುಲ್ಲಹಳ್ಳಿಗೆ ಹೋದ್ರೂ ಲ್ಯಾಪ್‌ಟಾಪ್ ಹೊತ್ಕೊಂಡೇ ಹೋಗಬೇಕು, ಜಗುಲಿ ಮೇಲೆ ನಿಂತು ಸಿಗ್ನಲ್ ಹುಡುಕಬೇಕು.

ಅದಕ್ಕೇ ಒಂದು ಶೆಲ್ ಸ್ಕ್ರಿಪ್ಟ್ ಬರೆದೆ. ಐದು ಸೆಕೆಂಡ್ ಸ್ಲೀಪ್, ಹೆಸರು ಎಕೋ. ಮೂರು ಸೆಕೆಂಡ್ ಸ್ಲೀಪ್, ಪಾಸ್‌ವರ್ಡ್ ಎಕೋ. ಹೀಗೇ 4, ಹೀಗೇ ವೈ. ಎಲ್ಲಾನೂ ಒಂದು ಬ್ರಾಕೆಟ್ಟಿನೊಳಗೆ ಹಾಕಿ, ಪೈಪ್ ಹಾಕಿ ಟೆಲ್ನೆಟ್ ಬಾಯಿಗೆ ಬಿಡೋದು. ಕೊನೆಯಲ್ಲಿ ಇನ್ನೊಂದು ದೊಡ್ಡ ಸ್ಲೀಪ್ ಬೇಕು, ಇಲ್ಲಾಂದ್ರೆ ಈ ಕಡೆಯಿಂದ ಬರೋದು ಮುಗಿದ ತಕ್ಷಣ ಟೆಲ್ನೆಟ್ ಬಾಗಿಲು ಹಾಕ್ಕೊಂಡುಬಿಡುತ್ತೆ. (ಎಸ್‌ಎಸ್‌ಎಚ್ ಆಗಿದ್ರೆ ಈ ಆಟ ನಡೀತಿರಲಿಲ್ಲ. ಅದು ಪಾಸ್‌ವರ್ಡನ್ನ ಪೈಪಿನಿಂದ ತಗೊಳ್ಳಲ್ಲ, ನೇರ ಟರ್ಮಿನಲ್ಲನ್ನೇ ಕೇಳುತ್ತೆ.) ಕ್ರಾನ್‌ಗೆ ಹಾಕಿದೆ. ಐದು ತಿಂಗಳು ತುಟಿಪಿಟಕ್ಕನ್ನದೆ ಓಡಿತು. ಟೀಮಲ್ಲಿ ನಾನೇ ಹೀರೋ.

ಮಾರ್ಚ್ 31 ಬಂತು. ರಜಾ ಹಾಕಿ ಊರಿಗೆ ಹೋಗಿದ್ದೆ, ಅದೂ ಲ್ಯಾಪ್‌ಟಾಪ್ ತೆಗೀದೆ! ಬೆಳಿಗ್ಗೆ ಆರಕ್ಕೆ ಫೋನು. ಏಪ್ರಿಲ್ ಫೂಲ್ ಮಾಡ್ತಿದಾರೆ ಅಂದ್ಕೊಂಡೆ. ಅಲ್ಲ.

ಆಗಿದ್ದಿಷ್ಟು. ವರ್ಷದ ಕೊನೆಯ ಲೆಕ್ಕಾಚಾರದ ಹೊರೆಗೆ ಸರ್ವರ್ ನಿಧಾನ ಆಗಿತ್ತು. ಹೆಸರು ಕೇಳೋಕೇ ಏಳೆಂಟು ಸೆಕೆಂಡ್ ತಗೊಂಡಿದೆ. ನನ್ನ ಸ್ಕ್ರಿಪ್ಟ್ ಐದಕ್ಕೇ ಹೆಸರು ಹೇಳಿ ಮುಗಿಸಿತ್ತು, ಅದನ್ನ ಕೇಳಿಸ್ಕೊಳ್ಳೋರೇ ಇರಲಿಲ್ಲ. ಆಮೇಲೆ ಅದು ‘ಹೆಸರು?’ ಅಂದಾಗ ಇದು ಪಾಸ್‌ವರ್ಡ್ ಹೇಳಿದೆ. ‘ಪಾಸ್‌ವರ್ಡ್?’ ಅಂದಾಗ 4 ಅಂದಿದೆ. ತಪ್ಪು ಅಂತ ಮತ್ತೆ ಹೆಸರು ಕೇಳಿದ್ರೆ ವೈ ಅಂದಿದೆ. ರಿಪೋರ್ಟ್ ಆಗದೇ ಇದ್ದದ್ದು ಸಣ್ಣ ವಿಷಯ. ಆ ಸರ್ವರ್ ಒಳಗೆ ಬರೋಕೆ ಸೋತವರ ‘ಹೆಸರು’ಗಳನ್ನ ಲಾಗ್‌ನಲ್ಲಿ ಬರೆದಿಡ್ತಿತ್ತು, ಆ ಲಾಗ್ ದಿನಾ ಬೆಳಿಗ್ಗೆ ಇಪ್ಪತ್ತು ಜನಕ್ಕೆ ಮೇಲ್ ಆಗ್ತಿತ್ತು. ಎಲ್ಲರೂ ಹಂಚ್ಕೊಂಡಿದ್ದ ಪಾಸ್‌ವರ್ಡ್ ಅಷ್ಟೂ ಜನರ ಇನ್‌ಬಾಕ್ಸಿನಲ್ಲಿ! ಗೊತ್ತಿಲ್ಲದ ಹೆಸರುಗಳನ್ನ ಹೀಗೆ ಬರೆದಿಟ್ರೆ, ಯಾರಾದ್ರೂ ಹೆಸರಿನ ಜಾಗದಲ್ಲಿ ಪಾಸ್‌ವರ್ಡ್ ಹೊಡೆದಾಗ ಅಪಾಯ ಅಂತ ಲಿನಕ್ಸ್ ಲಾಗಿನ್ನಿನ ಕೈಪಿಡಿಯಲ್ಲೇ ಎಚ್ಚರಿಕೆ ಇದೆ. ಅದನ್ನ ನಾನು ಓದಿದ್ದು ಆಮೇಲೆ, ಬಿಡಿ.

ಫೋನಿಟ್ಟು ಕೂತಿದ್ದೆ. ಮುಖ ನೋಡಿ ಅಪ್ಪ ಏನಾಯ್ತು ಅಂದ್ರು. ಸರ್ವರ್ ಅಂದ್ರೆ ಏನು ಅಂತೆಲ್ಲಾ ಹೇಳದೆ, ಅದು ಪ್ರಶ್ನೆ ಕೇಳುತ್ತೆ, ನಾನು ಹೊತ್ತು ಎಣಿಸಿ ಉತ್ತರ ಹೇಳೋ ಹಾಗೆ ಮಾಡಿದ್ದೆ ಅಂದೆ.

“ಅಲ್ಲ ಕಣ್ ಮಗ, ಅದು ಕೇಳ್ತಾ ಇಲ್ವಾ ಅಂತ ನೋಡ್ದೆ ನೀನು ಹೇಳ್ಬುಟ್ರೆ ಎಂಗೆ?”

ಕಪಿಲಾ ನದಿಗೆ ನಮ್ಮೂರಲ್ಲಿ ಹಳೇ ಅಣೆ ಇದೆ, ಅಲ್ಲಿಂದ ಹೊರಡೋ ನಾಲೆ ನೀರೇ ನಮ್ಮ ಗದ್ದೆಗೆ. ರಾತ್ರಿ ನಮ್ಮ ಸರದಿ ಬಂದ್ರೆ ಅಪ್ಪ ಕಬ್ಬಿಗೆ ನೀರು ಬಿಟ್ಟು, ಸಾಲಿನ ಕೆಳಗಿನ ತುದಿಯಲ್ಲಿ ಗೋಣಿಚೀಲ ಹಾಸ್ಕೊಂಡು, ಒಂದು ಕಾಲನ್ನ ಸಾಲಿನೊಳಗೆ ಇಳಿಬಿಟ್ಟು ಮಲಗಿಬಿಡ್ತಾರೆ. ನೀರು ಪಾದಕ್ಕೆ ತಾಕಿದ್ರೆ ಎಚ್ಚರ. ಎದ್ದು ಮುಂದಿನ ಸಾಲಿಗೆ ಮಡೆ ತಿರುವಿ ಮತ್ತೆ ನಿದ್ದೆ. ಚಿಕ್ಕವನಿದ್ದಾಗ ನಾನೊಂದ್ಸಲ ಟೈಮ್‌ಪೀಸ್ ಇಟ್ಕೊಂಡು ಇಪ್ಪತ್ತು ನಿಮಿಷಕ್ಕೊಂದು ಸಾಲು ಅಂತ ತಿರುವಿದ್ದೆ. ಅರ್ಧ ಗದ್ದೆ ಒಣಗಿತ್ತು, ಉಳಿದರ್ಧ ಕೆರೆ.

ಕಂಪ್ಯೂಟರಿನಲ್ಲಿ ಅಪ್ಪನ ಕಾಲಿನ ಕೆಲಸ ಮಾಡೋ ಪ್ರೋಗ್ರಾಂ ಇದೆ. ಹೆಸರು ಎಕ್ಸ್‌ಪೆಕ್ಟ್. ಡಾನ್ ಲಿಬ್ಸ್ ಅನ್ನೋರು 1990ರಲ್ಲಿ ಅಮೆರಿಕದ ನಿಸ್ಟ್ ಸಂಸ್ಥೆಯಲ್ಲಿದ್ದಾಗ ಬರೆದದ್ದು. ಅದು ಒಂದು ಸುಳ್ಳು ಟರ್ಮಿನಲ್ ಸೃಷ್ಟಿಸಿ, ಮನುಷ್ಯನೇ ಕೂತಿದಾನೆ ಅಂತ ಆ ಕಡೆಯ ಪ್ರೋಗ್ರಾಮನ್ನ ನಂಬಿಸುತ್ತೆ. ಇಂಥ ಪ್ರಶ್ನೆ ಬಂದ್ರೆ ಮಾತ್ರ ಇಂಥ ಉತ್ತರ ಕಳಿಸು ಅಂತ ಬರೀಬಹುದು. ಅವತ್ತು ಮಧ್ಯಾಹ್ನವೇ ಲ್ಯಾಪ್‌ಟಾಪ್ ತೆಗೆದು ಸ್ಲೀಪುಗಳನ್ನೆಲ್ಲಾ ಕಿತ್ತು ಹೊಸದಾಗಿ ಬರೆದೆ. ನಿನ್ನ ಕಾಲಿನ ಥರಾನೇ ಮಾಡಿದೀನಿ ಕಣಪ್ಪ ಅಂತ ಅಪ್ಪನ ಹತ್ರ ಜಂಬನೂ ಕೊಚ್ಚಿಕೊಂಡೆ.

“ಮೇಲ್ಗಡೆಯೋನು ನೀರು ಕಟ್ಕಂಡ್ರೆ? ಕಾಲಿಟ್ಕಂಡು ಬೆಳಗಾನ ಬಿದ್ದಿರ್ತದಾ ನಿಂದು?”

ಇಲ್ಲಪ್ಪ, ಹತ್ತು ಸೆಕೆಂಡ್ ಕಾಯುತ್ತೆ ಅಂದೆ. ಆಮೇಲೆ? ಆಮೇಲೆ... ತೆಗೆದು ನೋಡಿದೆ. ಹತ್ತು ಸೆಕೆಂಡಾದ್ರೂ ಪ್ರಶ್ನೆ ಬರದಿದ್ರೆ ಏನು ಮಾಡಬೇಕು ಅಂತ ನಾವು ಬರೆಯದೇ ಹೋದ್ರೆ, ಎಕ್ಸ್‌ಪೆಕ್ಟ್ ಸುಮ್ನೆ ಮುಂದಿನ ಸಾಲಿಗೆ ಹೋಗಿ ಉತ್ತರ ಕಳಿಸಿಬಿಡುತ್ತೆ! ಅಂದ್ರೆ ನಾನು ಬರೆದಿದ್ದು ಅದೇ ಹಳೇ ಸ್ಲೀಪು, ಹೆಸರು ಬೇರೆ ಅಷ್ಟೇ. ಪ್ರತಿ ಪ್ರಶ್ನೆಗೂ ಟೈಮ್‌ಔಟ್ ಸೇರಿಸಿದೆ: ಪ್ರಶ್ನೆ ಬರಲಿಲ್ವಾ, ಏನನ್ನೂ ಕಳಿಸಬೇಡ, ಅಲ್ಲೇ ನಿಲ್ಲು, ನನಗೊಂದು ಮೆಸೇಜ್ ಹಾಕು.

ಸೆಪ್ಟೆಂಬರಿನಲ್ಲಿ ಮತ್ತೆ ಊರಲ್ಲಿದ್ದೆ. ರಾತ್ರಿ ಹನ್ನೊಂದು ಮೂವತ್ತೊಂದಕ್ಕೆ ಮೆಸೇಜ್ ಬಂತು. ಎದ್ದು ಜಗುಲಿಗೆ ಬಂದು ಲ್ಯಾಪ್‌ಟಾಪ್ ಬಿಚ್ಚಿ ಕೂತೆ. ಅಪ್ಪ ಟಾರ್ಚ್ ಹಿಡ್ಕೊಂಡು ಗದ್ದೆಗೆ ಹೊರಟಿದ್ದವರು ಒಂದು ಕ್ಷಣ ನಿಂತು ನನ್ನ ಕಡೆ ನೋಡಿದ್ರು.

“ನೀರ್ ಬರ್ನಿಲ್ವಾ?”