ಬರದ ಸೀಮೆಯ ಡಿಸೆಂಬರ್

ಡಿಸೆಂಬರ್ ಕೊನೆ ಎಂದರೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ವರ್ಷದ ಬಂಡವಾಳ ಬಯಲಾಗುವ ಕಾಲ. ಶೇಂಗಾ ಕಿತ್ತಾಗಿರುತ್ತದೆ. ಕಾಯಿ ಎಷ್ಟು, ಸಾಲ ಎಷ್ಟು, ಬೇಸಿಗೆಗೆ ಉಳಿದ ಮೇವೆಷ್ಟು ಎಂಬುದು ಮನೆಮನೆಗೂ ಗೊತ್ತು. ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ತಾಲ್ಲೂಕುಗಳ ಸಾಲಿನಲ್ಲಿ ಇವೆರಡೂ ಇವೆ.

ಕ್ರೈಸ್ತರು ಗೋದಲಿ ಕಟ್ಟಿ ನಕ್ಷತ್ರ ತೂಗುಹಾಕುವ ಈ ದಿನಗಳ ಆಸುಪಾಸಿನಲ್ಲೇ ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿಯಲ್ಲಿ ಕಾಡುಗೊಲ್ಲರ ಕ್ಯಾತಪ್ಪನ ಜಾತ್ರೆ. ಯೇಸು ಹುಟ್ಟಿದ ಸುದ್ದಿ ಮೊದಲು ಮುಟ್ಟಿದ್ದು ಕುರುಬರಿಗೆ ಎನ್ನುತ್ತದೆ ಲೂಕನ ಸುವಾರ್ತೆ. ಇಲ್ಲಿಯೂ ದೇವರು ಕುರಿ, ದನ ಕಾಯುವವರದೇ. ಬಾರೆ ಕಳ್ಳೆಯ ಮುಳ್ಳು ಕಡಿದು ತಂದು ಎತ್ತರಕ್ಕೆ ಒಟ್ಟಿ ಗುಡಿ ಕಟ್ಟುತ್ತಾರೆ, ನೆತ್ತಿಯಲ್ಲಿ ಕಳಶ ಇಡುತ್ತಾರೆ. ಕೊನೆಗೆ ಬರಿಗಾಲಲ್ಲಿ ಮುಳ್ಳು ಹತ್ತಿ ಅದನ್ನು ಕೀಳುತ್ತಾರೆ. ಪತ್ರಿಕೆಗಳ ಚಿತ್ರಕ್ಕೆ ಸಿಗುವುದು ಆ ಗಳಿಗೆ ಮಾತ್ರ. ಅದಕ್ಕೂ ಮೊದಲು ಊರೂರಿನ ಕೈಗಳು ಸೇರಿ ಮುಳ್ಳು ಹೊರುವುದೇ ಹೆಚ್ಚು ನೋಡತಕ್ಕದ್ದು. ಬೆಳೆ ಕೈಕೊಟ್ಟ ವರ್ಷವೂ ಮುಳ್ಳಿಗೇನೂ ಕೊರತೆಯಿಲ್ಲವಲ್ಲ!

ಇಲ್ಲಿನ ಇನ್ನೊಂದು ಪಶುಪಾಲಕ ಸಮುದಾಯವಾದ ಮ್ಯಾಸಬೇಡರ ನಂಬಿಕೆ ದೇವರ ಎತ್ತುಗಳ ಮೇಲೆ. ಇವನ್ನು ನೇಗಿಲಿಗೆ ಹೂಡುವುದಿಲ್ಲ, ಮಾರುವುದಿಲ್ಲ, ಕಿಲಾರಿಗಳೆಂಬ ದನಗಾಹಿಗಳು ಕಾಯುತ್ತಾರೆ. ಲಾಭವಿಲ್ಲದ ಈ ದನಗಳ ಹೊಟ್ಟೆಯನ್ನು ಬರದಲ್ಲೂ ಹೊರೆಯಬೇಕು. ಅಮೃತಮಹಲ್ ಕಾವಲು ಎಂಬ ಹುಲ್ಲುಗಾವಲಿನ ಸಾವಿರಾರು ಎಕರೆ ಸಂಶೋಧನೆ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾದ ಮೇಲೆ ಮೇಯುವ ನೆಲವೂ ಕುಗ್ಗಿದೆ. ಆದ್ದರಿಂದ ಭಕ್ತಿ ಇಲ್ಲಿ ಬಹುಮಟ್ಟಿಗೆ ಹುಲ್ಲಿನ ಹೊರೆಯ ರೂಪದಲ್ಲಿ ಬರುತ್ತದೆ. ಮೇವು ಮುಗಿದ ಹೊತ್ತಿನಲ್ಲಿ ಅದಕ್ಕಿಂತ ದೊಡ್ಡ ಹರಕೆ ಯಾವುದಿದ್ದೀತು? ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಕಂಡುಹಿಡಿದ ಅಶೋಕನ ಶಾಸನವೂ ತಂದೆತಾಯಿಯ ಸೇವೆ, ಸತ್ಯದ ಜತೆಗೆ ಪ್ರಾಣಿಗಳ ಮೇಲಿನ ದಯೆಯನ್ನು ಹೇಳುತ್ತದೆ. ಅದನ್ನು ಓದಲು ಬಾರದವರೇ ಅದರಂತೆ ನಡೆದುಕೊಂಡು ಬಂದಿದ್ದಾರೆ.

ಇದೇ ಸೀಮೆಯ ನಾಯಕನಹಟ್ಟಿಯ ಸಂತ ತಿಪ್ಪೇರುದ್ರಸ್ವಾಮಿಯನ್ನು ಜನ ನೆನೆಯುವುದು ಪವಾಡಗಳಿಗೆ ಮಾತ್ರವಲ್ಲ, ಕೆರೆಗಳಿಗೆ. ಆಳುಗಳಿಗೆ ಮಾಡಿದ ಕೆಲಸಕ್ಕೆ ತಕ್ಕಷ್ಟೇ ಕೂಲಿ ಕೊಟ್ಟು ಕೆರೆ ಕಟ್ಟಿಸಿದರೆಂಬುದು ಪ್ರತೀತಿ. ಫಾಲ್ಗುಣದ ತೇರಿಗೆ ಲಕ್ಷಾಂತರ ಮಂದಿ ಸೇರುತ್ತಾರೆ. ಅಷ್ಟು ಹೊತ್ತಿಗೆ ಕೆರೆಗಳು ಬಹುಪಾಲು ತಳ ಕಂಡಿರುತ್ತವೆ.

ಹಾಗೆಂದು ಮಳೆ ಪೂರ್ತಿ ಮರೆತೂ ಇಲ್ಲ. 1933ರಲ್ಲಿ ಕೋಡಿ ಬಿದ್ದಿದ್ದ ಹಿರಿಯೂರಿನ ವಾಣಿವಿಲಾಸ ಸಾಗರ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ, ಕೆಳಗಿನ ಚಳ್ಳಕೆರೆ ತಾಲ್ಲೂಕಿನಲ್ಲಿ ವೇದಾವತಿ ಮೈದುಂಬಿ ಹರಿಯಿತು.