ಮುಚ್ಚಳದ ಗುರುತು

ಮೆತ್ತನೆಯ ಒಡಲನ್ನು ಬಹುಮಟ್ಟಿಗೆ ಚಿಪ್ಪಿನಿಂದ ಕಾಪಾಡಿಕೊಳ್ಳುವ ಪ್ರಾಣಿಗಳಿಗೆ ಮೃದ್ವಂಗಿಗಳೆಂದು ಹೆಸರು. ಅವುಗಳಲ್ಲಿ ಕಡಲಬಂಡೆಗೆ ಅಂಟಿ ಬಾಳುವ ಕೈಟನ್ ಬೆನ್ನ ಮೇಲಿನ 8 ಫಲಕಗಳಿಂದಲೇ ಗುರುತಾಗುತ್ತದೆ. ಕೈಟನ್ ಸಮುದ್ರವನ್ನು ಬಿಟ್ಟು ಬೇರೆಲ್ಲಿಯೂ ಇಲ್ಲದಿರುವುದರಿಂದ, ಬೀದರ್ ಸೀಮೆಯಲ್ಲಿ ಚಿಪ್ಪು ನೋಡಿ ಜೀವಿಯನ್ನು ಅರಿಯುವ ಹವ್ಯಾಸಕ್ಕೆ ಔರಾದ್, ಭಾಲ್ಕಿ ತಾಲ್ಲೂಕುಗಳ ಮಾಂಜ್ರಾ ನದಿ, ಅದರ ಉಪನದಿ ಕಾರಂಜಾ ಮತ್ತು ಸುತ್ತಲಿನ ಕೆರೆಗಳೇ ನೆಲೆ. ಇಲ್ಲಿ ಫಲಕಗಳ ಎಣಿಕೆಗೆ ಬದಲಾಗಿ ಬಸವನಹುಳುವಿನ ಚಿಪ್ಪಿನ ಬಾಯಿಯನ್ನು ಓದಬೇಕಾಗುತ್ತದೆ.

ಆ ಬಾಯಿಗೆ ಮುಚ್ಚಳವಿದೆಯೇ, ಇದ್ದರೆ ಅದು ಯಾವುದರಿಂದ ಆಗಿದೆ ಎಂಬುದೇ ಮೊದಲ ಪ್ರಶ್ನೆ. ದಖ್ಖನ್ನಿನ ಸಿಹಿನೀರಿನ ದೊಡ್ಡ ಬಸವನಹುಳುವಾದ ಪೈಲಾದ ಮುಚ್ಚಳವು ಸುಣ್ಣದ ಅಂಶದಿಂದ ಗಟ್ಟಿಯಾಗಿದ್ದು, ಹೊರಮೈಯಲ್ಲಿ ಒಂದರ ಸುತ್ತ ಒಂದಾಗಿ ಬೆಳೆದ ಗೆರೆಗಳನ್ನೂ ಒಳಮೈಯಲ್ಲಿ ಮುತ್ತಿನಂಥ ಹೊಳಪನ್ನೂ ಹೊಂದಿ, ಚಿಪ್ಪಿನ ಬಾಯಿಗೆ ಅಳೆದು ಮಾಡಿದಂತೆ ಕೂರುತ್ತದೆ. ನೀರಿನಲ್ಲಿ ಕಿವಿರಿನಿಂದ ಉಸಿರಾಡುವ ಪೈಲಾಕ್ಕೆ ಶ್ವಾಸಕೋಶವೂ ಇರುವುದರಿಂದ, ಅದು ಕತ್ತಿನ ಬಳಿಯ ಚರ್ಮವನ್ನು ಕೊಳವೆಯಂತೆ ಸುರುಳಿಮಾಡಿ ನೀರಿನ ಮೇಲಕ್ಕೆ ಚಾಚಿ ಗಾಳಿಯನ್ನೂ ಸೆಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಕೆಸರಿನೊಳಗೆ ಹೂತುಕೊಂಡು, ಅದೇ ಮುಚ್ಚಳವನ್ನು ಬಿಗಿದು, ಮಳೆಯವರೆಗೂ ನಿದ್ರಾವಸ್ಥೆಯಲ್ಲಿ ಕಾಯುತ್ತದೆ. ಹೀಗೆ ಗುರುತಿಗೆಂದು ನೋಡಿದ ಮುಚ್ಚಳ ಜೀವಿಯ ಬಾಳನ್ನೇ ತೆರೆದು ತೋರಿಸುತ್ತದೆ.

ಮೈಮೇಲೆ ಕಪ್ಪು ಪಟ್ಟಿಗಳು ಸುತ್ತಿರುವ ಬೆಲ್ಲಾಮಿಯಾದ ಮುಚ್ಚಳ ಕೊಂಬಿನಂಥ ತೆಳುವಾದ ವಸ್ತುವಿನದು. ಇದು ಮೊಟ್ಟೆಯಿಡದೆ ಮರಿಗಳನ್ನೇ ಹೆರುತ್ತದೆ. ಚಕ್ಕುಲಿಯಂತೆ ಚಪ್ಪಟೆಯಾಗಿ ಸುತ್ತಿಕೊಂಡ ಇಂಡೋಪ್ಲಾನಾರ್ಬಿಸ್‌ಗಾದರೋ ಮುಚ್ಚಳವೇ ಇಲ್ಲ, ರಕ್ತ ಮಾತ್ರ ಮನುಷ್ಯರದರಂತೆ ಹಿಮೋಗ್ಲೋಬಿನ್‌ನಿಂದ ಕೆಂಪಾಗಿರುತ್ತದೆ. ಈ ಪುಟ್ಟ ಚಿಪ್ಪನ್ನು ತಪ್ಪದೆ ಗುರುತಿಸುವುದಕ್ಕೆ ದೇವಣಿ ತಳಿಯ ದನಗಳ ಸೀಮೆಯಲ್ಲಿ ವಿಶೇಷವಾದ ಬೆಲೆಯಿದೆ; ಏಕೆಂದರೆ ದನಗಳ ಮೂಗಿನ ರಕ್ತನಾಳಗಳಲ್ಲಿ ನೆಲೆಸಿ ಉಸಿರಾಟವನ್ನು ಗೊರಗೊರಗುಟ್ಟಿಸುವ ಷಿಸ್ಟೊಸೋಮಾ ನಸಾಲೆ ಎಂಬ ಪರಾವಲಂಬಿ ಹುಳು ತನ್ನ ಎಳೆತನವನ್ನು ಈ ಬಸವನಹುಳುವಿನೊಳಗೆ ಕಳೆದು, ಆಮೇಲೆ ನೀರಿಗಿಳಿದ ದನದ ಚರ್ಮವನ್ನು ತೂರಿ ಒಳಸೇರುತ್ತದೆ.

ಆದ್ದರಿಂದ ಚಿಪ್ಪನ್ನು ಅಂಗೈಯಲ್ಲಿ ತಿರುಗಿಸಿ ನೋಡುವ ಸಂತೋಷವು ಹೆಸರು ಸಿಕ್ಕ ಕೂಡಲೇ ಮುಗಿಯುವುದಿಲ್ಲ. ಮುಚ್ಚಳವಿಲ್ಲದ ಆ ಬಾಯಿಯನ್ನು ಕಂಡುಕೊಂಡವರು ದನಗಳನ್ನು ಯಾವ ನೀರಿಗೆ ಇಳಿಸಬಾರದೆಂಬುದನ್ನೂ ಕಂಡುಕೊಂಡಿರುತ್ತಾರೆ.